ನಾರ್ವೆಯ ಆರಂಭಿಕ ಯಂತ್ರಮುದ್ರೆಗಳು: ಸಂಗ್ರಹ ಮತ್ತು ವರ್ಗೀಕರಣದ ನೆಲೆಗಳು

1. ಪ್ರಸ್ತಾವನೆ

ಅಂಚೆ ಕಚೇರಿಯ ಠಸ್ಸೆಗೆ ಎರಡು ಕೆಲಸಗಳಿವೆ. ಬಳಸಿದ ಅಂಚೆಚೀಟಿಯನ್ನು ಮತ್ತೆ ಬಳಸದಂತೆ ರದ್ದುಗೊಳಿಸುವುದು ಒಂದು. ಪತ್ರವು ಯಾವ ಊರಿನಲ್ಲಿ, ಯಾವ ದಿನ, ಯಾವ ವೇಳೆಗೆ ಅಂಚೆಯ ವಶಕ್ಕೆ ಬಂದಿತೆಂಬುದನ್ನು ದಾಖಲಿಸುವುದು ಮತ್ತೊಂದು. 19ನೆಯ ಶತಮಾನದ ಬಹುಭಾಗದಲ್ಲಿ ಈ ಎರಡೂ ಕೆಲಸಗಳು ಗುಮಾಸ್ತನ ಕೈಯಿಂದಲೇ ನಡೆದವು. ಆ ಶತಮಾನದ ಕೊನೆಯ ದಶಕಗಳಲ್ಲಿ ಮತ್ತು 20ನೆಯ ಶತಮಾನದ ಆರಂಭದಲ್ಲಿ ದೊಡ್ಡ ನಗರಗಳ ಅಂಚೆ ಕಚೇರಿಗಳಿಗೆ ಮುದ್ರಣಯಂತ್ರಗಳು ಬಂದವು. ಈ ಬದಲಾವಣೆಯ ಕುರುಹುಗಳು ಲಕೋಟೆಗಳ ಮೇಲೆ ಮತ್ತು ಅಂಚೆ ಕಾರ್ಡುಗಳ ಮೇಲೆ ಉಳಿದುಕೊಂಡಿವೆ. ಇವನ್ನು ಯಂತ್ರಮುದ್ರೆಗಳೆಂದು ಕರೆಯಬಹುದು.

ಯಂತ್ರಮುದ್ರೆಗಳ ಅಧ್ಯಯನದಲ್ಲಿ ನಾರ್ವೆಗೆ ವಿಶಿಷ್ಟವಾದ ಸ್ಥಾನವಿದೆ. ಜನಸಂಖ್ಯೆಯಲ್ಲಿ ಚಿಕ್ಕದಾದ ಈ ದೇಶದಲ್ಲಿ ರೂಪುಗೊಂಡ ಕ್ರಾಗ್ ಯಂತ್ರವು ಬ್ರಿಟನ್, ಜರ್ಮನಿ, ನ್ಯೂಜಿಲೆಂಡ್ ಮೊದಲಾದ ದೇಶಗಳ ಅಂಚೆ ಇಲಾಖೆಗಳಲ್ಲಿಯೂ ಬಳಕೆಗೆ ಬಂದಿತು. ಆ ಯಂತ್ರದ ಕಾರ್ಯವಿಧಾನವನ್ನು ತಿಳಿಯದೆ ಅದರ ಮುದ್ರೆಗಳನ್ನು ವರ್ಗೀಕರಿಸುವುದು ಸಾಧ್ಯವಿಲ್ಲ. ಮುದ್ರೆಯ ಬಾಹ್ಯರೂಪವನ್ನಷ್ಟೇ ಆಧರಿಸಿದ ವರ್ಗೀಕರಣವು ಚಿತ್ರಗಳ ಪಟ್ಟಿಯಾಗಿ ಉಳಿಯುತ್ತದೆ. ಯಂತ್ರ, ಅಚ್ಚು, ಜೋಡಣೆ ಮತ್ತು ಬಳಕೆ ಎಂಬ ನಾಲ್ಕು ನೆಲೆಗಳನ್ನು ಬೇರ್ಪಡಿಸಿ ನೋಡಿದಾಗ ಮಾತ್ರ ಅದು ಅಂಚೆ ಇತಿಹಾಸದ ಆಕರವಾಗುತ್ತದೆ. ಈ ವಿಚಾರವನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ.

2. ಚಾರಿತ್ರಿಕ ಹಿನ್ನೆಲೆ

ನಾರ್ವೆಯ ಸಂಘಟಿತ ಅಂಚೆ ವ್ಯವಸ್ಥೆಯು 1647ರ ಜನವರಿಯಲ್ಲಿ ಪ್ರಾರಂಭವಾಯಿತು. ಆಗ ನಾರ್ವೆ ಡೆನ್ಮಾರ್ಕಿನ ದೊರೆಯ ಆಳ್ವಿಕೆಯಲ್ಲಿತ್ತು. ರಾಜಪ್ರತಿನಿಧಿ ಹಾನಿಬಾಲ್ ಸೆಹೆಸ್ಟೆಡ್ ಕೈಗೊಂಡ ಕ್ರಮದಿಂದ ಹೆನ್ರಿಕ್ ಮೋರಿಯಾನ್ ಎಂಬಾತನಿಗೆ ಅಂಚೆ ನಡೆಸುವ ಅಧಿಕಾರ ದೊರೆಯಿತು. 18ನೆಯ ಶತಮಾನದ ಆರಂಭದಲ್ಲಿ ಈ ವ್ಯವಸ್ಥೆ ಪ್ರಭುತ್ವದ ವಶಕ್ಕೆ ಬಂದಿತು. ದೇಶದ ಮೊದಲ ಅಂಚೆಚೀಟಿ 1855ರ ಜನವರಿ 1ರಂದು ಚಲಾವಣೆಗೆ ಬಂದ 4 ಸ್ಕಿಲ್ಲಿಂಗ್ ಮೌಲ್ಯದ ಚೀಟಿ. 1874ರಲ್ಲಿ ಬರ್ನ್ ನಗರದಲ್ಲಿ ಆದ ಒಪ್ಪಂದಕ್ಕೆ ನಾರ್ವೆಯೂ ಸಹಿ ಹಾಕಿತು. ಇಂದಿನ ವಿಶ್ವ ಅಂಚೆ ಒಕ್ಕೂಟಕ್ಕೆ ಮೂಲವಾದುದು ಆ ಒಪ್ಪಂದವೇ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಅಂಕಿಯನ್ನು ಅಂಚೆಯ ಕೊಂಬು ಸುತ್ತುವರಿದಿರುವ ವಿನ್ಯಾಸವು ನಾರ್ವೆಯ ಚೀಟಿಗಳಲ್ಲಿ 1872ರಿಂದ ಕಾಣಿಸಿಕೊಳ್ಳುತ್ತದೆ. ಬಣ್ಣ, ಮೌಲ್ಯ, ಅಚ್ಚಿನ ಸೂಕ್ಷ್ಮಗಳು ಬದಲಾದರೂ ಮೂಲ ವಿನ್ಯಾಸ ಒಂದು ಶತಮಾನವನ್ನು ದಾಟಿ ಮುಂದುವರಿಯಿತು. ಬೇರೆ ದೇಶಗಳಲ್ಲಿ ದೊರೆ ಬದಲಾದಾಗ ಚೀಟಿಯ ಮುಖವೂ ಬದಲಾಗಿ ಪತ್ರದ ಕಾಲವನ್ನು ಸ್ಥೂಲವಾಗಿ ಹೇಳುತ್ತದೆ. ನಾರ್ವೆಯ ನಿತ್ಯಬಳಕೆಯ ಕೊಂಬಿನ ಚೀಟಿಯಲ್ಲಿ ಈ ಅನುಕೂಲ ಕಡಿಮೆ. ಆದುದರಿಂದ ಪತ್ರದ ಕಾಲನಿರ್ಣಯದ ಹೊಣೆ ಚೀಟಿಗಿಂತ ಮುದ್ರೆಯ ಮೇಲೆಯೇ ಹೆಚ್ಚಾಗಿ ಬೀಳುತ್ತದೆ.

ಅಂಚೆ ಮುದ್ರೆಗೆ ಯಂತ್ರವನ್ನು ಬಳಸುವ ಯತ್ನಗಳು ನಾರ್ವೆಗಿಂತ ಮೊದಲೇ ಅನ್ಯತ್ರ ನಡೆದಿದ್ದವು. ರೋಲೆಂಡ್ ಹಿಲ್ ಅವರ ಮಗ ಪಿಯರ್ಸನ್ ಹಿಲ್ 1857ರಲ್ಲಿ ಲಂಡನ್ನಿನಲ್ಲಿ ಒಂದು ಯಂತ್ರವನ್ನು ಪ್ರಯೋಗಕ್ಕೆ ಒಡ್ಡಿದರು. 1876ರಲ್ಲಿ ಥಾಮಸ್ ಲೆವಿಟ್ ರೂಪಿಸಿದ ಯಂತ್ರ ಅಮೆರಿಕದ ಬಾಸ್ಟನ್ನಿನಲ್ಲಿ ಬಳಕೆಗೆ ಬಂದಿತು. 1880ರ ದಶಕದಲ್ಲಿ ಲಂಡನ್ನಿನಲ್ಲಿ ಹೋಸ್ಟರ್ ಯಂತ್ರ ಕೆಲಸ ಮಾಡಿತು. ಮಾಂಟ್ರಿಯಲ್ ನಗರದ ಬಿಕರ್ಡೈಕ್ ಹೆಸರಿನ ಯಂತ್ರವು ಆ ಶತಮಾನದ ಕೊನೆಯ ವರ್ಷಗಳಲ್ಲಿ ಕೆನಡಾ ಮತ್ತು ಬ್ರಿಟನ್ ಎರಡೂ ಕಡೆ ಕಾಣಿಸಿಕೊಂಡಿತು. ಇವುಗಳಲ್ಲಿ ಬಹುತೇಕ ಯಂತ್ರಗಳ ಗುರಿ ಒಂದೇ: ಒಂದು ಪತ್ರಕ್ಕೆ ಒಂದು ಮುದ್ರೆ, ಚೀಟಿಯಿರುವ ಮೂಲೆಯಲ್ಲಿ.

ನಾರ್ವೆಯಲ್ಲಿ ಇಂಥ ಯಂತ್ರದ ಅಗತ್ಯ ಏಕೆ ಉಂಟಾಯಿತೆಂಬುದನ್ನು ಊಹಿಸುವುದು ಕಷ್ಟವಲ್ಲ. 1900ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆ ಸುಮಾರು 22 ಲಕ್ಷ 40 ಸಾವಿರ. ರಾಜಧಾನಿ ಕ್ರಿಸ್ಟಿಯಾನಿಯಾದ್ದು ಸುಮಾರು 2 ಲಕ್ಷ 28 ಸಾವಿರ. ಅಂದರೆ ಹತ್ತು ಜನರಲ್ಲಿ ಒಬ್ಬರು ಒಂದೇ ನಗರದಲ್ಲಿದ್ದರು. ಅಮೆರಿಕಕ್ಕೆ ವಲಸೆ ಹೋದವರ ಬಂಧುಗಳ ಪತ್ರವ್ಯವಹಾರ, ಹಡಗು ವ್ಯಾಪಾರದ ಕಾಗದಪತ್ರ, ಶತಮಾನದ ತಿರುವಿನಲ್ಲಿ ಯುರೋಪಿನಾದ್ಯಂತ ಹಬ್ಬಿದ ಚಿತ್ರದ ಕಾರ್ಡುಗಳ ಗೀಳು, ಕ್ರಿಸ್ಮಸ್ ಮತ್ತು ಹೊಸ ವರ್ಷದ ಶುಭಾಶಯಗಳು, ಇವೆಲ್ಲವೂ ನಗರದ ಕಚೇರಿಯ ಮೇಲೆ ಒಮ್ಮೆಲೇ ಬೀಳುತ್ತಿದ್ದವು.

3. ಕ್ರಾಗ್ ಯಂತ್ರದ ಕಾರ್ಯವಿಧಾನ

ಈ ಯಂತ್ರಕ್ಕೆ ಹೆಸರು ಬಂದದ್ದು ಅದನ್ನು ರೂಪಿಸಿದ ನಾರ್ವೆಯ ನಿಲ್ಸ್ ಓಲ್ ಕ್ರಾಗ್ ಅವರಿಂದ. ಇದೇ ಕುಲನಾಮದ ಓಲೆ ಹರ್ಮನ್ ಕ್ರಾಗ್ ಅವರು ಎರಿಕ್ ಯೋರ್ಗೆನ್ಸನ್ ಜೊತೆ ರೂಪಿಸಿದ ಬಂದೂಕು ಜಗತ್ತಿನಲ್ಲಿ ಹೆಚ್ಚು ಪ್ರಸಿದ್ಧವಾದುದರಿಂದ ಹೆಸರುಗಳು ಕಲಸಿಹೋಗುವ ಸಂಭವವಿದೆ. ಇಬ್ಬರನ್ನೂ ಒಬ್ಬರೆಂದು ಭಾವಿಸಬಾರದು.

ಕ್ರಾಗ್ ಯಂತ್ರದ ಹೃದಯಭಾಗವೆಂದರೆ ತಿರುಗುವ ಉರುಳೆ. ಅದರ ಮೈಮೇಲೆ ದಿನಾಂಕದ ವೃತ್ತವೂ ಚೀಟಿಯನ್ನು ರದ್ದುಗೊಳಿಸುವ ಗೆರೆಗಳ ಪಟ್ಟಿಯೂ ಒಂದಾದ ಮೇಲೊಂದರಂತೆ ಕೂಡಿರುತ್ತವೆ. ಪತ್ರಗಳು ಒಂದರ ಹಿಂದೆ ಒಂದರಂತೆ ಉರುಳೆಯ ಅಡಿಯಲ್ಲಿ ಸಾಗುತ್ತವೆ. ಪತ್ರದ ಅಂಚು ಎಲ್ಲಿ ಆರಂಭವಾಗುತ್ತದೆಂಬುದನ್ನು ಉರುಳೆ ಗಣಿಸುವುದಿಲ್ಲ. ಅದು ನಿರಂತರವಾಗಿ ಮುದ್ರಿಸುತ್ತಲೇ ಹೋಗುತ್ತದೆ. ಪರಿಣಾಮವಾಗಿ ವೃತ್ತ, ಗೆರೆಪಟ್ಟಿ, ಮತ್ತೆ ವೃತ್ತ, ಮತ್ತೆ ಗೆರೆಪಟ್ಟಿ ಎಂಬ ಸಾಲು ಪತ್ರದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮೂಡುತ್ತದೆ. ಇದನ್ನು ನಿರಂತರ ಮುದ್ರೆ ಎನ್ನಬಹುದು.

ಇದರಿಂದ ಮೂರು ಫಲಿತಗಳು ಹೊರಡುತ್ತವೆ. ಮೊದಲನೆಯದಾಗಿ, ಚೀಟಿಯ ಮೇಲೆ ಬೀಳುವುದು ವೃತ್ತವೋ ಗೆರೆಯೋ ಎಂಬುದು ಆಕಸ್ಮಿಕ. ಒಂದೇ ಕ್ಷಣದಲ್ಲಿ ಒಂದೇ ಯಂತ್ರದಿಂದ ಹೊರಬಂದ ಎರಡು ಕಾರ್ಡುಗಳ ಚೀಟಿಗಳು ನೋಟಕ್ಕೆ ಸಂಪೂರ್ಣ ಭಿನ್ನವಾಗಿರಬಹುದು. ಎರಡನೆಯದಾಗಿ, ಒಂದು ವೃತ್ತದ ನಿರ್ದಿಷ್ಟ ಬಿಂದುವಿನಿಂದ ಮುಂದಿನ ವೃತ್ತದ ಅದೇ ಬಿಂದುವಿಗಿರುವ ಅಂತರವು ಉರುಳೆಯ ಸುತ್ತಳತೆಗೆ ಸಂಬಂಧಿಸಿದುದು. ಉರುಳೆಯಲ್ಲಿ ಒಂದೇ ವೃತ್ತವಿದ್ದರೆ ಅಂತರವು ಪೂರ್ಣ ಸುತ್ತಳತೆ. ಸಮಾನ ದೂರದಲ್ಲಿ ಎರಡು ವೃತ್ತಗಳಿದ್ದರೆ ಅದರ ಅರ್ಧ. ಮೂರನೆಯದಾಗಿ, ಎರಡು ವೃತ್ತಗಳಿರುವ ಉರುಳೆಯಲ್ಲಿ ಅವು ಬೇರೆ ಬೇರೆಯಾಗಿ ಕೊರೆದ ಅಚ್ಚುಗಳಾಗಿರುತ್ತವೆ. ಅಕ್ಷರಗಳ ನಡುವಿನ ತೆರಪು, ಅಂಕಿಯ ಬಾಗು ಮುಂತಾದವುಗಳಲ್ಲಿ ಅವು ಒಂದಕ್ಕೊಂದು ವ್ಯತ್ಯಾಸಗೊಂಡಿರಬಹುದು. ಹೀಗಾಗಿ ಒಂದೇ ಕಾರ್ಡಿನ ಮೇಲೆ ಎರಡು ಅಚ್ಚುಗಳ ಸಾಕ್ಷ್ಯ ಸಿಗುತ್ತದೆ.

ಗೆರೆಪಟ್ಟಿಯ ಸ್ಥಾನದಲ್ಲಿ ಪ್ರಚಾರವಾಕ್ಯವನ್ನು ಕೂಡಿಸುವ ಪದ್ಧತಿಗೂ ಈ ಯಂತ್ರ ಒದಗಿಬಂದಿತು. ಬ್ರಿಟನ್ನಿನಲ್ಲಿ 1917ರ ಡಿಸೆಂಬರ್ ತಿಂಗಳಲ್ಲಿ ಯುದ್ಧಸಾಲಪತ್ರಗಳನ್ನು ಕೊಳ್ಳುವಂತೆ ಕೋರುವ ವಾಕ್ಯ ಅಂಚೆ ಮುದ್ರೆಯಲ್ಲಿ ಬಂದುದು ಈ ಬಗೆಯ ಬಳಕೆಯ ಪ್ರಸಿದ್ಧ ಆರಂಭ. ನಿರಂತರ ಮುದ್ರೆಯಲ್ಲಿ ಇಂಥ ವಾಕ್ಯವು ಎರಡು ದಿನಾಂಕ ವೃತ್ತಗಳ ನಡುವೆ ಕುಳಿತು ಪತ್ರದುದ್ದಕ್ಕೂ ಪುನರಾವರ್ತನೆಗೊಳ್ಳುತ್ತದೆ.

4. ಸಂಗ್ರಹಕ್ರಮ ಮತ್ತು ಸಾಕ್ಷ್ಯನಾಶ

ಬಹುಕಾಲ ಅಂಚೆಚೀಟಿ ಸಂಗ್ರಾಹಕರ ಆಸಕ್ತಿ ಚೀಟಿಗೆ ಸೀಮಿತವಾಗಿತ್ತು. ಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸಿಕೊಂಡು ಲಕೋಟೆಯನ್ನು ಎಸೆಯುವುದು ಸಾಮಾನ್ಯವಾಗಿತ್ತು. ಮುದ್ರೆಯಲ್ಲಿ ಆಸಕ್ತಿ ಮೂಡಿದ ಮೇಲೆಯೂ ಚೀಟಿ ಮತ್ತು ವೃತ್ತವನ್ನು ಒಳಗೊಂಡ ಚಿಕ್ಕ ಚೌಕವನ್ನು ಕತ್ತರಿಸಿ ಉಳಿಸಿಕೊಳ್ಳುವ ಕ್ರಮ ಬಳಕೆಯಲ್ಲಿತ್ತು. ಕೈಮುದ್ರೆಯ ವಿಷಯದಲ್ಲಿ ಈ ಚೌಕದಿಂದ ನಷ್ಟವಾದರೂ ಮುದ್ರೆಯ ರೂಪವಾದರೂ ಉಳಿಯುತ್ತಿತ್ತು. ಕ್ರಾಗ್ ಮುದ್ರೆಯ ವಿಷಯದಲ್ಲಿ ನಷ್ಟ ಇನ್ನೂ ಆಳವಾದುದು. ಈ ಯಂತ್ರದ ಗುರುತೇ ಪುನರಾವರ್ತನೆ. ಕತ್ತರಿಸಿದ ಚೌಕದಲ್ಲಿ ಉಳಿಯುವುದು ಒಂದು ವೃತ್ತ ಮಾತ್ರ, ಅಥವಾ ಊರೂ ದಿನಾಂಕವೂ ಇಲ್ಲದ ಕೆಲವು ಗೆರೆಗಳು ಮಾತ್ರ. ಅದನ್ನು ನೋಡಿ ಯಾವ ಬಗೆಯ ಯಂತ್ರವೆಂದಾಗಲಿ, ಎಷ್ಟೋ ವೇಳೆ ಯಂತ್ರವೇ ಹೌದೋ ಅಲ್ಲವೋ ಎಂದಾಗಲಿ ನಿರ್ಧರಿಸುವಂತಿಲ್ಲ.

ಶಾಸನಗಳೊಡನೆ ಕೆಲಸ ಮಾಡುವವರಿಗೆ ಈ ಸಂಗತಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಮೂಲನೆಲೆಯಿಂದ ಕಿತ್ತು ತಂದ ಕಲ್ಲಿನಲ್ಲಿ ಪಾಠ ಉಳಿದರೂ ಅದು ಯಾವ ಗುಡಿಯ ಯಾವ ದಿಕ್ಕಿನಲ್ಲಿತ್ತೆಂಬ ಮಾಹಿತಿ ಅಳಿಯುತ್ತದೆ. ಇಲ್ಲಿ ಒಂದು ವ್ಯತ್ಯಾಸವೂ ಇದೆ. ಕಾಲೋಲ್ಲೇಖವಿಲ್ಲದ ಶಾಸನಕ್ಕೆ ನಾವು ಲಿಪಿಯ ಆಧಾರದಿಂದ ಕಾಲವನ್ನು ಹುಡುಕುತ್ತೇವೆ. ಅಂಚೆ ಮುದ್ರೆಯಲ್ಲಿ ಕಾಲ ಸ್ಪಷ್ಟವಾಗಿ ಅಚ್ಚಾಗಿರುತ್ತದೆ. ಹುಡುಕಬೇಕಾದುದು ಅದನ್ನು ಮೂಡಿಸಿದ ಉಪಕರಣವನ್ನು.

ಉಳಿದು ಬಂದಿರುವ ಸಾಮಗ್ರಿಯ ಸ್ವರೂಪವನ್ನೂ ಪರಿಶೀಲಿಸಬೇಕು. ವ್ಯಾಪಾರದ ಲಕೋಟೆಗಳನ್ನು ತೆರೆದೊಡನೆ ಎಸೆಯುತ್ತಿದ್ದರು. ಚಿತ್ರದ ಕಾರ್ಡುಗಳನ್ನು ಆಲ್ಬಂಗಳಲ್ಲಿ ಇಡುತ್ತಿದ್ದರು. ಯಂತ್ರಕ್ಕೂ ತೆಳುವಾದ, ಒಂದೇ ಅಳತೆಯ, ಒಂದೇ ಕಡೆಗೆ ಮುಖಮಾಡಿ ಜೋಡಿಸಿದ ಕಾರ್ಡುಗಳೇ ಹೆಚ್ಚು ಅನುಕೂಲ. ದಪ್ಪ ಲಕೋಟೆಗಳು, ಕಟ್ಟುಗಳು, ನೋಂದಾಯಿತ ಪತ್ರಗಳು ಕೈಮುದ್ರೆಗೇ ಹೋಗುತ್ತಿದ್ದವು. ಹೀಗಾಗಿ ಒಂದೇ ಕಚೇರಿಯಲ್ಲಿ ಒಂದೇ ದಿನ ಎರಡೂ ಬಗೆಯ ಮುದ್ರೆಗಳು ಬಿದ್ದಿರುವುದು ಸಹಜ. ಒಂದು ಲಕೋಟೆಯ ಮೇಲೆ ಕೈಮುದ್ರೆ ಕಂಡುಬಂದ ಮಾತ್ರಕ್ಕೆ ಆ ದಿನ ಅಲ್ಲಿ ಯಂತ್ರವಿರಲಿಲ್ಲವೆಂಬ ತೀರ್ಮಾನ ಸಲ್ಲದು. ಅದರಂತೆಯೇ ಸೂಚಿಗಳಲ್ಲಿ ಕೊಡುವ ‘ತಿಳಿದಿರುವ ಮೊದಲ ದಿನಾಂಕ’ವು ಉಳಿದುಬಂದ ಪತ್ರಗಳಲ್ಲಿ ಮೊದಲನೆಯದರ ದಿನಾಂಕವೇ ಹೊರತು ಯಂತ್ರ ಚಾಲನೆಗೊಂಡ ದಿನಾಂಕವಲ್ಲ. ಇವೆರಡನ್ನೂ ಒಂದೇ ಅಂಕಣದಲ್ಲಿ ಬರೆದರೆ ಮುಂದಿನ ಸಂಶೋಧಕನು ದಾರಿತಪ್ಪುತ್ತಾನೆ.

5. ವರ್ಗೀಕರಣದ ನಾಲ್ಕು ನೆಲೆಗಳು

ಮೊದಲ ನೆಲೆ ಯಂತ್ರ. ನಿರಂತರ ಮುದ್ರೆಯೋ ಬಿಡಿ ಮುದ್ರೆಯೋ ಎಂಬುದು ಇಲ್ಲಿನ ಮೊದಲ ಪ್ರಶ್ನೆ. ನಿರಂತರ ಮುದ್ರೆಯಾಗಿದ್ದರೆ ಅಂತರವನ್ನು ಅಳೆಯಬೇಕು. ಇದಕ್ಕೆ ಎರಡು ಪೂರ್ಣ ವೃತ್ತಗಳು ಬೇಕೆಂದಿಲ್ಲ. ಒಂದೇ ಅಚ್ಚಿನ ಯಾವುದಾದರೂ ಬಿಂದು ಎರಡು ಬಾರಿ ಮೂಡಿದ್ದರೆ ಸಾಕು. ಆ ಕಾಲದ ಅಂಚೆ ಕಾರ್ಡಿನ ಉದ್ದ ಸಾಮಾನ್ಯವಾಗಿ 14 ಸೆಂಟಿಮೀಟರ್. ಪುನರಾವರ್ತನೆಯ ಅಂತರ ಇದಕ್ಕಿಂತ ಕಡಿಮೆಯಿದ್ದರೆ ಪೂರ್ಣ ಕಾರ್ಡಿನ ಮೇಲೆ ಅಳತೆ ಸಾಧ್ಯವಾಗುತ್ತದೆ. ಮೂರು ನಾಲ್ಕು ಸೆಂಟಿಮೀಟರಿನ ಚೌಕದಲ್ಲಿ ಸಾಧ್ಯವಿಲ್ಲ. ಕಾಗದ ಉರುಳೆಯಡಿ ಜಾರಿದಾಗ ಅಳತೆ ಏರುಪೇರಾಗುವುದರಿಂದ ಒಂದೇ ಕಾರ್ಡನ್ನು ನೆಚ್ಚದೆ ಹಲವು ಕಾರ್ಡುಗಳ ಅಳತೆಗಳನ್ನು ಹೋಲಿಸಬೇಕು.

ಎರಡನೆಯ ನೆಲೆ ಅಚ್ಚು. ದಿನಾಂಕದ ವೃತ್ತ ಮತ್ತು ಗೆರೆಪಟ್ಟಿ ಇವು ಎರಡು ಬೇರೆ ಅಚ್ಚುಗಳು. ಇವುಗಳನ್ನು ಬೇರೆ ಬೇರೆಯಾಗಿಯೇ ಗುರುತಿಸಬೇಕು. ವೃತ್ತದ ವ್ಯಾಸ, ಊರ ಹೆಸರಿನ ಅಕ್ಷರಗಳ ಎತ್ತರ ಮತ್ತು ಹರವು, ಗೆರೆಗಳ ಸಂಖ್ಯೆ ಮತ್ತು ಬಾಗು ಇಲ್ಲಿನ ಲಕ್ಷಣಗಳು. ಒಂದು ಭಾಗ ಸವೆದಾಗ ಅದನ್ನಷ್ಟೇ ಬದಲಿಸಿ ಇನ್ನೊಂದನ್ನು ಉಳಿಸಿಕೊಳ್ಳಬಹುದು. ಆದುದರಿಂದ ವೃತ್ತ ಮತ್ತು ಗೆರೆಗಳಿಗೆ ಸೇರಿ ಒಂದೇ ಸಂಖ್ಯೆಯನ್ನು ಕೊಡುವ ಸೂಚಿಯು ಬದಲಾವಣೆಯ ನಿಜವಾದ ಕ್ರಮವನ್ನು ಮರೆಮಾಡುತ್ತದೆ. ಒಂದೇ ಮುಕ್ಕು ಇರುವ ಗೆರೆಪಟ್ಟಿ ಎರಡು ಊರುಗಳ ವೃತ್ತಗಳೊಡನೆ ಕಂಡುಬಂದರೆ, ಯಂತ್ರವೋ ಅದರ ಭಾಗವೋ ಒಂದೂರಿನಿಂದ ಇನ್ನೊಂದೂರಿಗೆ ಹೋಗಿರಬಹುದೆಂಬ ಊಹೆಗೆ ಆಧಾರ ಸಿಗುತ್ತದೆ.

ಮೂರನೆಯ ನೆಲೆ ಜೋಡಣೆ. ದಿನ, ತಿಂಗಳು, ವರ್ಷ, ವೇಳೆ ಇವುಗಳನ್ನು ಸೂಚಿಸುವ ಬಿಡಿ ಅಂಕಿಗಳನ್ನು ಸಿಬ್ಬಂದಿ ಕೈಯಿಂದ ಬದಲಿಸುತ್ತಿದ್ದರು. ತಲೆಕೆಳಗಾದ ಅಂಕಿ, ಬಿಟ್ಟುಹೋದ ವೇಳೆ, ಹಿಂದಿನ ದಿನವೇ ಉಳಿದಿರುವುದು ಮೊದಲಾದ ತಪ್ಪುಗಳು ಇಲ್ಲಿ ಹುಟ್ಟುತ್ತವೆ. ಸಂಗ್ರಾಹಕರು ಇವನ್ನು ಅಪೂರ್ವ ಮಾದರಿಗಳೆಂದು ಬಗೆದು ಹೊಸ ಸಂಖ್ಯೆ ಕೊಡುವುದುಂಟು. ಇವು ಮಾದರಿಗಳಲ್ಲ, ಘಟನೆಗಳು. ಗಂಟೆಯೊಳಗೆ ಸರಿಪಡಿಸಬಹುದಾದ ತಪ್ಪಿಗೂ ಅಚ್ಚಿನ ಮೈಮೇಲೆ ಶಾಶ್ವತವಾಗಿ ಉಳಿದ ಬಿರುಕಿಗೂ ಇರುವ ಅಂತರವನ್ನು ವರ್ಗೀಕರಣವು ತೋರಿಸಬೇಕು. ಬಿರುಕು ಕಾಲಾನುಕ್ರಮಕ್ಕೆ ಸಾಕ್ಷಿ. ಬಿರುಕಿಲ್ಲದ ಮುದ್ರೆ ಮೊದಲಿನದು, ಬಿರುಕುಳ್ಳದ್ದು ನಂತರದ್ದು. ತಲೆಕೆಳಗಾದ ಅಂಕಿ ಆ ದಿನದ ಗುಮಾಸ್ತನ ಅವಸರಕ್ಕೆ ಮಾತ್ರ ಸಾಕ್ಷಿ.

ನಾಲ್ಕನೆಯ ನೆಲೆ ಬಳಕೆ. ಮುದ್ರೆ ಚೀಟಿಯ ಮೇಲಿದೆಯೋ ಹಿಂಬದಿಯಲ್ಲಿ ಬಂದ ಗುರುತಾಗಿ ಇದೆಯೋ, ಒಳನಾಡಿನ ಕಾರ್ಡೋ ವಿದೇಶದ ಪತ್ರವೋ, ಎಷ್ಟು ಶುಲ್ಕ ಅಂಟಿಸಲಾಗಿದೆ ಎಂಬ ವಿವರಗಳು ಇಲ್ಲಿ ಬರುತ್ತವೆ. 20ನೆಯ ಶತಮಾನದ ಆರಂಭದಲ್ಲಿ ನಾರ್ವೆಯ ಒಳನಾಡಿನ ಕಾರ್ಡಿಗೆ 5 ಓರೆ, ಪತ್ರಕ್ಕೆ 10 ಓರೆ, ವಿದೇಶದ ಪತ್ರಕ್ಕೆ 20 ಓರೆ ತಗಲುತ್ತಿತ್ತು. ಈ ಶುಲ್ಕಗಳೊಡನೆ ಮುದ್ರೆಯನ್ನು ಕೂಡಿಸಿ ನೋಡಿದರೆ ಯಾವ ಬಗೆಯ ಅಂಚೆ ಯಂತ್ರಕ್ಕೆ ಹೋಗುತ್ತಿತ್ತೆಂಬುದು ತಿಳಿಯುತ್ತದೆ.

ಈ ನೆಲೆಯಲ್ಲಿ ಇನ್ನೊಂದು ವಿವೇಚನೆ ಅಗತ್ಯ. ಯಂತ್ರದಿಂದ ಮೂಡಿದ ಗುರುತುಗಳೆಲ್ಲ ರದ್ದುಮುದ್ರೆಗಳಲ್ಲ. 1900ರಲ್ಲಿ ಕ್ರಿಸ್ಟಿಯಾನಿಯಾದಲ್ಲಿ ಕಾರ್ಲ್ ಉಖರ್ಮನ್ ಅವರ ಯಂತ್ರವೊಂದು ಪ್ರಯೋಗಕ್ಕೆ ಬಂದಿತ್ತು. ಅದು ಅಂಟಿಸಿದ ಚೀಟಿಯನ್ನು ರದ್ದುಗೊಳಿಸುವ ಯಂತ್ರವಲ್ಲ. ಚೀಟಿಯ ಬದಲಿಗೆ ಶುಲ್ಕ ಸಂದಾಯದ ಗುರುತನ್ನೇ ಮೂಡಿಸುವ ಯಂತ್ರ. ಒಂದೇ ನಗರದ, ಹತ್ತಿರದ ವರ್ಷಗಳ ಗುರುತುಗಳಾದರೂ ಇವೆರಡರ ಉದ್ದೇಶ ಬೇರೆ. ಶುಲ್ಕಮುದ್ರೆ ಮತ್ತು ರದ್ದುಮುದ್ರೆಗಳನ್ನು ಒಂದೇ ಶ್ರೇಣಿಯಲ್ಲಿ ಇಡುವುದು ಯುಕ್ತವಲ್ಲ.

6. ಊರ ಹೆಸರು ಎಂಬ ಕಾಲಸೂಚಿ

ವರ್ಗೀಕರಣವನ್ನು ಪರೀಕ್ಷಿಸಲು ನಾರ್ವೆಯ ಇತಿಹಾಸವೇ ಒಂದು ಒರೆಗಲ್ಲನ್ನು ಒದಗಿಸಿದೆ. ರಾಜಧಾನಿಯ ಹೆಸರು ಮೊದಲಿಗೆ ಡೇನಿಷ್ ರೂಢಿಯಂತೆ ‘ಸಿಎಚ್’ ಅಕ್ಷರಗಳಿಂದ ಆರಂಭವಾಗುತ್ತಿತ್ತು. ಸರ್ಕಾರಿ ಆಡಳಿತ 1877ರಿಂದ, ನಗರಸಭೆ 1897ರಿಂದ ‘ಕೆ’ ಅಕ್ಷರದ ರೂಪವನ್ನು ಅಂಗೀಕರಿಸಿದವು. 1925ರ ಜನವರಿ 1ರಂದು ನಗರದ ಹೆಸರು ಓಸ್ಲೋ ಎಂದಾಯಿತು. ಫ್ರೆಡ್ರಿಕ್ಸ್‌ಹಾಲ್ಡ್ 1928ರಲ್ಲಿ ಹಾಲ್ಡೆನ್ ಆಯಿತು. ಟ್ರೊಂಡ್‌ಯೆಮ್ ನಗರವನ್ನು 1930ರ ಜನವರಿ 1ರಂದು ನಿದಾರೋಸ್ ಎಂಬ ಪ್ರಾಚೀನ ಹೆಸರಿಗೆ ಮರಳಿಸಲಾಯಿತು. ಜನರ ವಿರೋಧದ ಕಾರಣ 1931ರ ಮಾರ್ಚ್ 6ರಂದು ಅದು ಟ್ರೊಂಡ್‌ಹೈಮ್ ಎಂದು ಬದಲಾಯಿತು. ನಿದಾರೋಸ್ ಎಂಬ ಅಧಿಕೃತ ಹೆಸರಿನ ಆಯುಷ್ಯ ಕೇವಲ ಹದಿನಾಲ್ಕು ತಿಂಗಳು.

ಇಂಥ ಬದಲಾವಣೆಗಳು ಸಂಶೋಧಕನಿಗೆ ಅಮೂಲ್ಯ. ಹೊಸ ಹೆಸರು ಬಂದಾಗ ಬದಲಾಗಲೇಬೇಕಾದುದು ದಿನಾಂಕದ ವೃತ್ತ. ಯಂತ್ರವಾಗಲಿ ಗೆರೆಪಟ್ಟಿಯಾಗಲಿ ಬದಲಾಗಬೇಕೆಂದಿಲ್ಲ. ರೂಪಾಧಾರಿತ ಸೂಚಿಯಲ್ಲಿ ಕ್ರಿಸ್ಟಿಯಾನಿಯಾ ಮುದ್ರೆ ಮತ್ತು ಓಸ್ಲೋ ಮುದ್ರೆ ಎರಡು ದೂರದ ಅಧ್ಯಾಯಗಳಲ್ಲಿ ಬಂದು, 1924ರ ಡಿಸೆಂಬರ್ 31ರಂದು ಒಂದು ಯಂತ್ರ ನಿಂತು ಮರುದಿನ ಬೇರೊಂದು ಆರಂಭವಾದಂತೆ ಭಾಸವಾಗುತ್ತದೆ. ನಾಲ್ಕು ನೆಲೆಗಳ ಸೂಚಿಯಲ್ಲಿ ಅದೇ ಗೆರೆಪಟ್ಟಿ, ಅದೇ ಅಂತರ ಮುಂದುವರಿದಿದೆಯೇ ಎಂದು ಕೇಳಬಹುದು. ಉತ್ತರ ಹೌದಾದರೆ ಬದಲಾದುದು ನಗರದ ಹೆಸರು, ಅಂಚೆಯ ಕೆಲಸವಲ್ಲ. ಶಾಸನದಿಂದ ಹೆಸರು ಬದಲಾದ ದಿನಕ್ಕೂ ಅಚ್ಚು ಬದಲಾದ ದಿನಕ್ಕೂ ಅಂತರವಿದೆಯೇ ಎಂಬುದನ್ನೂ ದಿನಾಂಕವುಳ್ಳ ಪೂರ್ಣ ಪತ್ರಗಳೇ ಹೇಳಬೇಕು.

7. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳನ್ನು ನಿರ್ಣಯಿಸಬಹುದು. ಪತ್ರವನ್ನು ಪೂರ್ಣವಾಗಿ ಉಳಿಸುವುದು ಯಂತ್ರಮುದ್ರೆಯ ಸಂಗ್ರಹದಲ್ಲಿ ಅಭಿರುಚಿಯ ಪ್ರಶ್ನೆಯಲ್ಲ, ಸಾಕ್ಷ್ಯದ ಪ್ರಶ್ನೆ. ಯಂತ್ರ, ಅಚ್ಚು, ಜೋಡಣೆ, ಬಳಕೆ ಎಂಬ ನೆಲೆಗಳಿಗೆ ಪ್ರತ್ಯೇಕ ಸಂಕೇತಗಳಿರಬೇಕು. ಹೊಸ ಶೋಧ ಬಂದಾಗ ಹಳೆಯ ಸಂಖ್ಯೆಗಳನ್ನು ಕದಲಿಸದೆ ಅದನ್ನು ಸೇರಿಸುವ ಅವಕಾಶವಿರಬೇಕು. ಮುದ್ರೆಯ ಚಿತ್ರದೊಡನೆ ಅಳತೆಯನ್ನೂ, ಅಳತೆಯೊಡನೆ ನೋಡಿದ ಪತ್ರಗಳ ಸಂಖ್ಯೆಯನ್ನೂ ಕೊಡಬೇಕು. ಸಂಗ್ರಾಹಕರ ಸೂಚಿಯನ್ನು ಅಂಚೆ ಇಲಾಖೆಯ ದಾಖಲೆಗಳೊಡನೆ ತಾಳೆನೋಡಿದಾಗಲೇ ಯಂತ್ರದ ಆಗಮನ ಮತ್ತು ನಿರ್ಗಮನಗಳ ಕಾಲ ಖಚಿತವಾಗುತ್ತದೆ.

ಗ್ರಂಥಾಲಯಗಳಿಗೂ ಪತ್ರಾಗಾರಗಳಿಗೂ ಈ ಮಾತು ಅನ್ವಯಿಸುತ್ತದೆ. ಖಾಸಗಿ ಪತ್ರಸಂಗ್ರಹವೊಂದು ಕೈಸೇರಿದಾಗ ಒಳಗಿನ ಬರಹವನ್ನು ಉಳಿಸಿಕೊಂಡು ಲಕೋಟೆಯನ್ನು ನಿರುಪಯುಕ್ತವೆಂದು ಬೇರ್ಪಡಿಸುವ ಅಭ್ಯಾಸ ಇಂದಿಗೂ ಅಲ್ಲಲ್ಲಿ ಉಂಟು. ಆ ಲಕೋಟೆಯ ಮೇಲೆ ತುದಿಯಿಂದ ತುದಿಗೆ ಹರಿದ ಮಸಿಯ ಗೆರೆಗಳು ಪತ್ರ ಬರೆದವರ ವಿಷಯವಾಗಿ ಏನನ್ನೂ ಹೇಳುವುದಿಲ್ಲ. ಪತ್ರವನ್ನು ಸಾಗಿಸಿದವರ ಶ್ರಮವನ್ನು ಯಂತ್ರಕ್ಕೆ ಒಪ್ಪಿಸಿದ ಕಾಲವನ್ನು ಕುರಿತು ಅವು ಹೇಳುವ ಮಾತನ್ನು ಬೇರೆ ಯಾವ ದಾಖಲೆಯೂ ಅಷ್ಟು ನೇರವಾಗಿ ಹೇಳಲಾರದು.